ಹೊರಸು ಒಡೆದ ಇಂಗ್ಲಿಷ್ ಮಾಸ್ತರ

ನಮ್ಮ ಓಣಿಯಲ್ಲಿ ಯಾರದೋ ಮನೆಯಿಂದ ಅಜವಾನದ ಹೊಗೆ ಬರುತ್ತಿದೆ. ಶಿರಹಟ್ಟಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ, ಅಲ್ಲಿ ಬಾಣಂತಿ ಇದ್ದಾಳೆ. ಹಗ್ಗದ ಹೊರಸಿನ ಮೇಲೆ ಆಕೆಯನ್ನು ಮಲಗಿಸಿ, ಕೆಳಗೆ ಕೆಂಡವಿಟ್ಟು ಅಜವಾನ ಉದುರಿಸುತ್ತಾರೆ. ಹೆಣಿಕೆಯ ಸಂದಿಯಿಂದ ಶಾಖ ಬೆನ್ನಿಗೆ ಏರುತ್ತದೆ. ಈ ವಾಸನೆ ಬಂದಾಗಲೆಲ್ಲ ನನಗೆ ನೆನಪಾಗುವುದು ನನ್ನ ಪೆದ್ದುತನ.

ಮೂವತ್ತು ವರ್ಷದ ಹಿಂದೆ, ಆಗಷ್ಟೇ ಇಂಗ್ಲಿಷ್ ಮಾಸ್ತರನಾಗಿದ್ದೆ. ಪಗಾರ ಸಣ್ಣದು, ಜಂಬ ದೊಡ್ಡದು. ತಾಯಿಯಿಲ್ಲದ ನನ್ನನ್ನೂ ತಂಗಿಯನ್ನೂ ಸಾಕಿದವಳು ಸೋದರತ್ತೆ. ತಂಗಿಯ ಚೊಚ್ಚಲ ಬಾಣಂತನಕ್ಕೆಂದು ಅವಳು ತಾನೇ ಒಂದು ಹೊರಸು ಹೆಣೆದಿದ್ದಳು. ನಾನು ಗದಗಿನಿಂದ ಹಲಗೆ ಹಾಕಿದ ಕಬ್ಬಿಣದ ಕಾಟ್ ತಂದೆ. ಹೊರಸನ್ನು ಒಡೆದು ನೀರೊಲೆಗೆ ಹಾಕಿದೆ.

“ಹಲಗಿ ದಾಟಿ ಶಾಖ ಹೆಂಗ ಏರ್ತೈತೋ ತಮ್ಮಾ?” ಎಂದಳು ಅತ್ತೆ.

“ಕಾಟ್ ಅಂದ್ರ ಇಂಗ್ಲಿಷರ ಸಾಮಾನ ಅತ್ತಿ. ನಿನಗ ತಿಳಿಯಂಗಿಲ್ಲ ಬಿಡು.”

ಶಾಖ ಏರಲಿಲ್ಲ, ಹಲಗೆ ಕರಕಾಯಿತು. ತಂಗಿ ಬೆನ್ನು ಹಿಡಿದುಕೊಂಡು ಅತ್ತಳು. ಮೂರನೆಯ ದಿನ ಅತ್ತೆ ಪಕ್ಕದ ಮನೆಯ ಹೊರಸನ್ನು ತಲೆಯ ಮೇಲೆ ಹೊತ್ತು ತಂದಳು. ಆಮೇಲೆ ಅವಳು ಹೊರಸು ಹೆಣೆಯಲೇ ಇಲ್ಲ.

ಮೊನ್ನೆ ಪಾಠಕ್ಕೆ ಬರುವ ಹುಡುಗಿಯೊಬ್ಬಳು ಕಾಟ್ ಎಂಬ ಪದ ಎಲ್ಲಿಂದ ಬಂತೆಂದು ಕೇಳಿದಳು. ಗತ್ತಿನಿಂದಲೇ ನಿಘಂಟು ತೆಗೆದೆ. ಇಂಗ್ಲಿಷರು ಹಿಂದಿಯ ‘ಖಾಟ್’, ಅಂದರೆ ನಮ್ಮ ಹೊರಸನ್ನೇ, ಒಯ್ದು ಕಾಟ್ ಮಾಡಿಕೊಂಡರಂತೆ. ಅದು ಅವರ ಹಡಗುಗಳಲ್ಲಿ ತೂಗುಹಾಸಿಗೆಯಾಗಿ, ಮನೆಗಳಲ್ಲಿ ಕೂಸಿನ ಮಂಚವಾಗಿ ನಮ್ಮಲ್ಲಿಗೇ ತಿರುಗಿ ಬಂತು. ಖಾಟ್ ಹಿಂದೆ ಸಂಸ್ಕೃತದ ‘ಖಟ್ವಾ’, ಅದರ ಹಿಂದೆ ನಮ್ಮ ದಕ್ಷಿಣದ ‘ಕಟ್ಟು’ ಇರಬಹುದೆಂದು ಬಲ್ಲವರ ಊಹೆ. ಹಾಗಾದರೆ ನಾನು ಒಲೆಗೆ ಹಾಕಿದ್ದೇ ನಿಜವಾದ ಕಾಟ್. ಹುಡುಗಿಯ ಮುಂದೆ ನಾಚಿಕೆಯಾಯಿತು.

ಮುಂದಿನ ವಾರ ನನ್ನ ಮಗಳು ಹೆರಿಗೆಗೆ ಬರುತ್ತಾಳೆ. ಇಂದು ಚೌಕಟ್ಟು, ಹಗ್ಗ ತಂದು ಅತ್ತೆಯ ಮುಂದಿಟ್ಟು ಪದದ ಕತೆಯನ್ನೆಲ್ಲ ಹೇಳಿದೆ.

“ಇಂಗ್ಲಿಷರ ಸುದ್ದಿ ತಗೊಂಡು ನಾ ಏನ್ ಮಾಡ್ಲಿ?”

“ಅವತ್ತು ಹೊರಸು ಒಡದಿದ್ದು ತಪ್ಪಾತು ಅತ್ತಿ.”

ಅತ್ತೆ ಹಗ್ಗದ ತುದಿಯನ್ನು ನನ್ನ ಕೈಗೆ ಕೊಟ್ಟಳು. “ನನ್ನ ಕೈಯಾಗ ಈಗ ಬಲ ಇಲ್ಲ. ನಾ ಹೇಳ್ತೀನಿ, ನೀ ಜಗ್ಗು.”

ಜಗ್ಗುತ್ತಿದ್ದೇನೆ. ಅಂಗೈ ಸುಲಿದಿದೆ. ಪ್ರತಿ ಸಾಲು ಮುಗಿದಾಗಲೂ ಅತ್ತೆ ಸಂದಿಯಲ್ಲಿ ಸೊಟ್ಟಗಾದ ಬೆರಳು ತೂರಿಸಿ ನೋಡುತ್ತಾಳೆ. “ಹ್ಞೂಂ, ಶಾಖ ಏರ್ತೈತಿ,” ಅನ್ನುತ್ತಾಳೆ.