ಚಿನ್ನದ ಗೆರೆಗಳ ಮೇಲಿನ ಅರಿಶಿನ

ರೂಪಾ, ಶಿವುವಿನ ಮುಂದಿನ ಹಲ್ಲು ಹೋಗಿದ್ದು ಕ್ರಿಕೆಟ್ ಚೆಂಡು ಬಡಿದು ಅಲ್ಲ. ನಾನು ಹೊಡೆದು. ಅವನು ಮದುವೆಯ ವಿಡಿಯೋ ಹಾಳುಮಾಡಿದ ಎಂದು ಬೀದಿಗೆಲ್ಲ ಹೇಳಿದವನೂ ನಾನೇ — ಅವನು ಹಾಳುಮಾಡಿಲ್ಲ ಎಂದು ಗೊತ್ತಿದ್ದೂ.

ನೀನು ಅವನ ಕೈಹಿಡಿದು ನಮ್ಮ ಮನೆಗೆ ಬರುವ ಮೊದಲಿನ ಮಾತಿದು. ಆಗ ಚಾಮರಾಜಪೇಟೆಯ ಅಂಗಡಿಯಲ್ಲಿ ನಾವಿಬ್ಬರೇ. ಮದುವೆಗಳಿಗೆ ಹೋಗಿ ಶೂಟಿಂಗ್ ಮಾಡುವವನು ನಾನು, ಲ್ಯಾಪ್‌ಟಾಪಿನಲ್ಲಿ ಕೂತು ಎಡಿಟಿಂಗ್ ಮಾಡುವವನು ನನ್ನ ತಮ್ಮ ಶಿವು.

ನಮ್ಮ ಕೊನೆಯ ಒಳ್ಳೆಯ ದಿನ ಆ ವರ್ಷದ ಆಯುಧಪೂಜೆ. ಲ್ಯಾಪ್‌ಟಾಪ್ ತೀರಾ ನಿಧಾನವಾಗಿತ್ತು. ಹಳೆಯ ಡಿಸ್ಕಿನ ಬದಲು ಹಾಕಲು ಶಿವು ಹೊಸ, ವೇಗದ ಡಿಸ್ಕ್ — ಎಸ್‌ಎಸ್‌ಡಿ — ತಂದಿದ್ದ. ಬೆರಳುದ್ದದ ತೆಳ್ಳನೆಯ ಹಸಿರು ಪಟ್ಟಿ, ಒಂದು ತುದಿಯಲ್ಲಿ, ಲ್ಯಾಪ್‌ಟಾಪಿನೊಳಗೆ ಸಿಕ್ಕಿಸುವ ಕಡೆ, ಸಾಲಾಗಿ ಚಿನ್ನದ ಬಣ್ಣದ ಗೆರೆಗಳು. ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಅದಕ್ಕೆ ನಕಲು ಮಾಡಿ, ಕವರಿನಲ್ಲಿಟ್ಟಿದ್ದ. ಒಳಗೆ ಹಾಕುವುದೊಂದೇ ಬಾಕಿ. ಪೂಜೆಗಿಟ್ಟ ಸಾಮಾನನ್ನು ಅವತ್ತು ಬಿಚ್ಚಬಾರದು, ನಾಳೆ ವಿಜಯದಶಮಿಗೆ ಹಾಕು ಎಂದು ನಾನು ತಡೆದೆ.

"ಸರಿ. ಆದ್ರೆ ಅಣ್ಣ, ಹೊಸದಕ್ಕೆ ಮಾತ್ರ ಅರಿಶಿನ ಕುಂಕುಮ ಇಡ್ಬೇಡ. ಅದಕ್ಕೆ ದೂರದಿಂದ್ಲೇ ಕೈ ಮುಗಿ," ಎಂದ.

"ದೃಷ್ಟಿ ಆದ್ರೆ?"

"ಆದ್ರೆ ಅದಕ್ಕೂ ಒಂದ್ ಬೂದುಗುಂಬಳ ಒಡಿ, ನನ್ನ ತಲೆ ಮೇಲೆ," ಎಂದು ನಗುತ್ತಾ ಹೂವು ತರಲು ಮಾರ್ಕೆಟ್ಟಿಗೆ ಹೋದ.

ಕ್ಯಾಮೆರಾಗಳಿಗೆ, ಲೈಟುಗಳಿಗೆ, ಸ್ಕೂಟರಿಗೆ ಎಲ್ಲಕ್ಕೂ ಇಟ್ಟೆ. ಹೊಸದನ್ನು ಬಿಡಲು ಮನಸ್ಸಾಗಲಿಲ್ಲ. ಕವರಿನಿಂದ ತೆಗೆದು, ಹೊಳೆಯುವ ತುದಿಯೇ ಅದರ ಮುಖವಿರಬೇಕೆಂದುಕೊಂಡು, ಅಲ್ಲಿಗೇ ಕಲಸಿದ ಅರಿಶಿನ ಹಚ್ಚಿ ಕುಂಕುಮ ಇಟ್ಟೆ. ಅವನು ಬರುವಷ್ಟರಲ್ಲಿ ಪಂಚೆಯ ತುದಿಯಿಂದ ಒರೆಸಿ ಮತ್ತೆ ಕವರಿಗೆ ಹಾಕಿದೆ. ಕುಂಕುಮ ಹೋಯಿತು. ಚಿನ್ನದ ಬಣ್ಣದ ಮೇಲೆ ಅರಿಶಿನ ಕಾಣುವುದಿಲ್ಲ.

ಮರುದಿನ ಶಿವು ಹೊಸದನ್ನು ಒಳಗೆ ಹಾಕಿದ. ಲ್ಯಾಪ್‌ಟಾಪ್ ಶುರುವಾಗಲಿಲ್ಲ. ಕಪ್ಪು ಪರದೆ, ಡಿಸ್ಕೇ ಇಲ್ಲ ಎಂಬ ಒಂದು ಸಾಲು. ಶಿವು ಸೆಟ್ಟಿಂಗಿಗೆ ಹೋಗಿ ಏನೇನೋ ಬದಲಿಸಿದ, ಆರಿಸಿ ಹಚ್ಚಿದ — ಅದೇ ಸಾಲು. ಆ ಸಂಜೆ ಬೀಗರ ಮುಂದೆ ತೋರಿಸಬೇಕಾದ ಮದುವೆಯ ವಿಡಿಯೋ ಅದರಲ್ಲಿತ್ತು. ಹುಡುಗಿಯ ಸೋದರಮಾವ ಅಂಗಡಿಯ ಬಾಗಿಲಲ್ಲೇ ನಿಂತಿದ್ದ.

"ಏನ್ ಸ್ವಾಮಿ, ನಾಮಕರಣದ ವಿಡಿಯೋನೂ ಸೇರಿಸಿ ಒಟ್ಟಿಗೇ ಕೊಡ್ತೀರಾ? ತಮ್ಮನಿಗೆ ಕೆಲಸ ಬರಲ್ಲ ಅಂದ್ರೆ ಹೇಳ್ಬಿಡಿ."

ದಾರಿಯಲ್ಲಿ ಹೋಗುವವರು ನಿಂತು ನೋಡಿದರು. ನನ್ನ ಕಿವಿ ಸುಡತೊಡಗಿತು.

"ಐದ್ ನಿಮಿಷ ಕೊಡು ಅಣ್ಣ, ಹಳೇದನ್ನೇ ವಾಪಸ್ ಹಾಕ್ತೀನಿ," ಎಂದ ಶಿವು. ತಲೆ ಎತ್ತಲೂ ಇಲ್ಲ.

ಐದು ನಿಮಿಷ ನಾನು ಕೊಡಲಿಲ್ಲ. ಮಡಚಿಟ್ಟಿದ್ದ ಕ್ಯಾಮೆರಾ ಸ್ಟ್ಯಾಂಡ್ ಕೈಗೆ ಸಿಕ್ಕಿತು. ಮೊದಲ ಏಟು ಬೆನ್ನಿಗೆ. ಅವನು ಓಡಲಿಲ್ಲ — ಲ್ಯಾಪ್‌ಟಾಪಿಗೆ ಬಿದ್ದೀತೆಂದು ಅದನ್ನು ಎದೆಗವಚಿಕೊಂಡು ಬಗ್ಗಿದ. ಎರಡನೆಯದು ಭುಜಕ್ಕೆ. "ಅಣ್ಣಾ" ಎಂದು ಮುಖ ಎತ್ತಿದ. ಮೂರನೆಯದು ಬಾಯಿಗೆ. ಕಬ್ಬಿಣಕ್ಕೆ ಹಲ್ಲು ತಾಗಿದ ಸದ್ದು — ಅದನ್ನು ಹೇಗೆ ಬರೆಯಲಿ. ನೆಲಕ್ಕೆ ಬಿದ್ದ ಮೇಲೂ ಒದ್ದೆ. ಬಾಗಿಲಲ್ಲಿದ್ದವನೇ ನನ್ನನ್ನು ಹಿಡಿದೆಳೆದು, "ಕೊಂದ್ಬಿಡ್ತೀರೇನ್ರೀ, ಬಿಡ್ರೀ!" ಎಂದು ಕೂಗಿದ. ಹಿಂದಿನ ದಿನ ಒಡೆದ ಬೂದುಗುಂಬಳ ಹೊಸ್ತಿಲ ಮುಂದೆ ಕೆಂಪಗೆ ಹಾಗೇ ಬಿದ್ದಿತ್ತು. ಶಿವು ಟವೆಲಿನಿಂದ ಬಾಯಿ ಒತ್ತಿಕೊಂಡು, ಅದನ್ನು ದಾಟಿ, ಒಬ್ಬನೇ ಆಟೋ ಹತ್ತಿದ.

ಅವನು ಮಾಡುತ್ತಿದ್ದುದನ್ನು ನೋಡಿದ್ದೆನಲ್ಲ, ನಾನೇ ಸ್ಕ್ರೂ ಬಿಚ್ಚಿದೆ. ಹೊಸದನ್ನು ಹೊರತೆಗೆದು ಚಿನ್ನದ ಗೆರೆಗಳನ್ನು ಉಗುರಿನಿಂದ ಕೆರೆದೆ. ಉಗುರಿನ ತುದಿಗೆ ಹಳದಿ ಬಂತು. ಒಣಗಿ ಅಂಟಿದ ಅರಿಶಿನ. ಪೆನ್ಸಿಲ್ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಹಾಕಿದೆ. ಲ್ಯಾಪ್‌ಟಾಪ್ ಹಿಂದೆಂದೂ ಇಲ್ಲದ ವೇಗದಲ್ಲಿ ಶುರುವಾಯಿತು. ಮದುವೆ ಪೂರ್ತಿ ಇತ್ತು. ಒಂದು ಚಿತ್ರವೂ ಹೋಗಿರಲಿಲ್ಲ.

ಆಗಲೇ ಆಸ್ಪತ್ರೆಗೆ ಓಡಿ ಅವನ ಕಾಲು ಹಿಡಿಯಬಹುದಿತ್ತು. ನಾನು ಮಾಡಿದ್ದೇನೆಂದರೆ — ವಿಡಿಯೋ ಕೊಡುವಾಗ, "ನಮ್ಮ ಹುಡುಗ ಹಾಳುಮಾಡಿಟ್ಟಿದ್ದ, ಹೊರಗಿನವರನ್ನ ಕರೆಸಿ ಸರಿಮಾಡಿಸ್ದೆ" ಎಂದೆ. ಪಕ್ಕದ ಸ್ಟುಡಿಯೋದಲ್ಲೂ ಅದನ್ನೇ ಹೇಳಿದೆ. ಹೇಳಿದಷ್ಟೂ ನನ್ನ ಏಟು ನನಗೇ ಸರಿ ಎನಿಸತೊಡಗಿತು. ಮಾತು ಶಂಕರಪುರದವರೆಗೂ ಹೋಯಿತು. ಅವನಿಗೆ ಯಾರೂ ಎಡಿಟಿಂಗ್ ಕೆಲಸ ಕೊಡಲಿಲ್ಲ. ಮನೆ ಮನೆಗೆ ಪಾರ್ಸೆಲ್ ಹಂಚುವ ಬೈಕ್ ಹತ್ತಿದ. ವರ್ಷಗಳ ಮೇಲೆ ಆ ಬೈಕಿನ ಮೇಲೇ ಲಾರಿ ಹರಿಯಿತು.

ಶವಾಗಾರದಲ್ಲಿ ಮುಖ ನೋಡಿ ಹೇಳುವಂತಿರಲಿಲ್ಲ. "ಗುರುತು ಏನಾದ್ರೂ ಇದ್ಯಾ?" ಎಂದು ಅಲ್ಲಿನವನು ಕೇಳಿದ. "ಮೇಲಿನ ಮುಂದಿನ ಹಲ್ಲೊಂದಿಲ್ಲ," ಎಂದೆ. ನೀನು ನನ್ನ ಪಕ್ಕದಲ್ಲೇ ನಿಂತು, "ಹೌದು ಭಾವ, ಚಿಕ್ಕೋರಿದ್ದಾಗ ಕ್ರಿಕೆಟ್ ಬಾಲ್ ತಗುಲಿತ್ತಂತೆ. ಕಟ್ಟಿಸ್ಕೊಳ್ಳಿ ಅಂದ್ರೆ ಕೇಳ್ತಾನೇ ಇರ್ಲಿಲ್ಲ," ಎಂದೆ.

ಇಷ್ಟು ವರ್ಷ ಅವನು ನನ್ನನ್ನು ಕಾಪಾಡಿದ್ದು ಗೊತ್ತಾದದ್ದು ಅಲ್ಲಿ. ಆಗಲೂ ನಾನು ಬಾಯಿ ಬಿಡಲಿಲ್ಲ, ರೂಪಾ. ತಲೆ ಆಡಿಸಿದೆ.

ಈ ವಾರ ನಮ್ಮ ಬೀದಿಯ ಸ್ಟುಡಿಯೋಗಳಿಗೆಲ್ಲ ಹೋಗಿ ನಿಜ ಹೇಳಿ ಬಂದೆ. "ಹೋದೋರು ಹೋದ್ರು, ಈಗ್ಯಾಕೆ ಬಿಡಿ ಸಾರ್," ಎಂದರು ಒಬ್ಬರು. ಪೂರ್ತಿ ಕೇಳಿಸಿಕೊಳ್ಳುವವರೆಗೂ ನಾನು ಏಳಲಿಲ್ಲ. ಶಿವುವಿಗೆ ಕೆಲಸ ಬರುತ್ತಿತ್ತು. ಅವನ ಕೈಯಲ್ಲಿ ಏನೂ ಹಾಳಾಗಿರಲಿಲ್ಲ. ಇದನ್ನು ನಿನ್ನ ತವರಿನವರ ಮುಂದೆಯೂ ಬಂದು ಹೇಳುತ್ತೇನೆ. ನೀನು ಬಾಗಿಲು ತೆರೆಯದಿದ್ದರೆ ಹೊರಗೆ ನಿಂತೇ ಹೇಳುತ್ತೇನೆ.

ಅವತ್ತು ರಕ್ತ ಒರೆಸುವಾಗ ನೆಲವೆಲ್ಲ ತಡಕಿದ್ದೆ. ನಿನ್ನೆ ಅಂಗಡಿ ಖಾಲಿ ಮಾಡಿದೆ. ಕಪಾಟುಗಳನ್ನು ಸರಿಸಿ, ಮೂಲೆ ಮೂಲೆಯ ಧೂಳನ್ನು ಕೈಯಿಂದಲೇ ಗೋರಿ ನೋಡಿದೆ. ಹಲ್ಲು ಸಿಕ್ಕಿಲ್ಲ.