ಪೆನ್ಸಿಲ್ ಚುಕ್ಕೆ ಇಟ್ಟ ತತ್ತಿಗಳು

ಮಕ್ಕಳೇ, ನಿಮ್ಮಪ್ಪ ಮದುವೆಗೆ ಮೊದಲು ಹಲ್ಲಿ ಸಾಕಿದ್ದ. ನಿಮಗೆ ನಗು ಬರಬಹುದು. ನನಗೆ ಈಗ ಬರೆಯುವಾಗಲೂ ಎದ್ದು ಕೈ ತೊಳೆಯಬೇಕು ಅನಿಸುತ್ತದೆ.

ಆಗ ಪಟ್ಟಣದ ಅಂಚಿನ ಕುಷಾಯಿಗೂಡದ ಮನೆಯಲ್ಲಿ ನಾವಿಬ್ಬರೇ. ನಿಮ್ಮ ಅಜ್ಜ ತೀರಿ ಒಂದು ವರ್ಷವಾಗಿತ್ತು. ನಿಮ್ಮಪ್ಪ ಕಂಪನಿಯ ಕ್ಯಾಬ್ ಹತ್ತಿ ಊರಿನ ಆ ತುದಿಗೆ ಹೋಗಿ ಬಂದರೆ, "ಉಣ್ತೀನಿ", "ಮಲಗ್ತೀನಿ" ಎಂಬ ಎರಡು ಮಾತು ಬಿಟ್ಟು ಮೂರನೆಯದು ಆಡುತ್ತಿರಲಿಲ್ಲ. ನಾನೂ ಮಾತು ಕಡಿಮೆಯವಳು. ಪುಣೆಗೆ ವರ್ಗವಾದ ಗೆಳೆಯನೊಬ್ಬ ಒಂದು ಜೋಡಿ ಹಲ್ಲಿಯನ್ನು ಗಾಜಿನ ಪೆಟ್ಟಿಗೆ ಸಮೇತ ಇವನಿಗೆ ಕೊಟ್ಟುಹೋದ. ಗೇಣುದ್ದ ಹಳದಿ ಮೈ, ಚಿರತೆಗಿದ್ದಂತೆ ಕಪ್ಪು ಚುಕ್ಕೆ, ಊದಿದ ಬಾಲ. ಅವು ಬಂದ ಮೇಲೆ ಮಗ ಬಾಯಿ ಬಿಟ್ಟ. ಅದೊಂದಕ್ಕೇ ನಾನು ಬಾಯಿ ಮುಚ್ಚಿಕೊಂಡಿದ್ದೆ.

ಅವಕ್ಕೆ ಜೀವಂತ ಹುಳವೇ ಊಟ. ಗೋಧಿ ತೌಡಿನಲ್ಲಿ ಮಿಜಿಗುಡುವ ಹುಳಗಳ ಡಬ್ಬಿ ಫ್ರಿಜ್ಜಿನಲ್ಲಿ, ನನ್ನ ಮೊಸರಿನ ಪಕ್ಕದಲ್ಲಿ! ಒಂದು ದಿನ ಕೊತ್ತಂಬರಿ ಕಟ್ಟಿನೊಳಗೆ ಒಂದು ಹುಳ ಸಿಕ್ಕಿತು. ಆವತ್ತು ನಾನು ಉಣ್ಣಲಿಲ್ಲ.

"ತಂಪಾಗಿದ್ರ ಅವು ಸುಮ್ನ ಮಲಗಿರ್ತಾವ ಅವ್ವಾ."

"ನನ್ನ ಮೊಸರಿನ ಬಾಜೂಕ ಯಾಕ ಮಲಗಬೇಕು? ಒಂದು ಕೌದಿ ಹೊಚ್ಚಲೇನು ಅವಕ್ಕ?"

ಆಮೇಲೆ ಹೆಣ್ಣು ಎರಡು ತತ್ತಿ ಇಟ್ಟಿತು. ಕೋಳಿ ತತ್ತಿಯ ಹಾಗೆ ಗಟ್ಟಿಯಲ್ಲ, ನೆನೆದ ಚರ್ಮದ ಚೀಲದ ಹಾಗೆ ಮೆತ್ತಗೆ. ಮಗ ಉಸಿರು ಬಿಗಿಹಿಡಿದು ಅವನ್ನು ನೀರು ಹೀರಿಕೊಂಡ ಹಗುರ ಹರಳು ತುಂಬಿದ ಡಬ್ಬಿಯಲ್ಲಿಟ್ಟ. ಒಂದೊಂದರ ಮೇಲೂ ಪೆನ್ಸಿಲಿನಿಂದ ಚುಕ್ಕೆ ಇಟ್ಟ. ಡಬ್ಬಿ ಥರ್ಮೋಕೋಲ್ ಪೆಟ್ಟಿಗೆಗೆ ಹೋಯಿತು, ಪಕ್ಕದಲ್ಲೊಂದು ಸಣ್ಣ ಬಲ್ಬು.

"ಎರಡು ತಿಂಗಳಾಗ ಮರಿ ಆಗ್ತಾವ. ಇದೊಂದು ಆಗಬೇಕವ್ವಾ," ಎಂದ.

ಅವರಪ್ಪ ಹೋದ ಮೇಲೆ ಅವನು ಏನನ್ನಾದರೂ ಬೇಕು ಎಂದದ್ದು ಅದೇ ಮೊದಲು.

ವಾರ ಕಳೆಯಿತು. ಕಂಪನಿಯವರು ಅವನನ್ನು ಹತ್ತು ದಿನ ಚೆನ್ನೈಗೆ ಕಳಿಸಿದರು. ಹಲ್ಲಿಗೆ ಹುಳ ಹಾಕುವುದನ್ನು ಕಲಿಸಿದ, ತತ್ತಿಯ ಬಗ್ಗೆ ಏನೂ ಹೇಳಲಿಲ್ಲ. ನಾನು ಅವನ್ನು ಮುಟ್ಟುವುದಿಲ್ಲ ಎಂದು ಅಷ್ಟು ನಂಬಿಕೆ.

ಆದರೆ ನಾನು ಹಳ್ಳಿಯಲ್ಲಿ ಕೋಳಿ ಕಾವಿಗೆ ಕೂಡಿಸಿದವಳು. ಕಾವಿಗಿಟ್ಟ ತತ್ತಿಗೆ ಇದ್ದಿಲಿನಿಂದ ಗುರುತು ಹಾಕುತ್ತಿದ್ದೆವು, ಬೇರೆ ಕೋಳಿ ಬಂದು ಹೊಸದು ಇಟ್ಟರೆ ತಿಳಿಯಲಿ ಎಂದು. ಇವನ ಚುಕ್ಕೆಯೂ ಅಂಥದೇ ಅಂದುಕೊಂಡೆ. ಕೋಳಿ ದಿನವೂ ಕೊಕ್ಕಿನಿಂದ ತತ್ತಿ ಹೊರಳಿಸುತ್ತದೆ. ಹೊರಳಿಸದಿದ್ದರೆ ಮರಿ ಸಿಪ್ಪೆಗೆ ಅಂಟುತ್ತದೆ. ಈ ತಾಯಿಯೋ ತತ್ತಿ ಇಟ್ಟು ಕಲ್ಲಿನ ಮೇಲೆ ಕಣ್ಣು ಮುಚ್ಚಿ ಬಿದ್ದಿತ್ತು. ಇನ್ನು ಯಾರು ಹೊರಳಿಸಬೇಕು?

ಮೂಗಿಗೆ ಸೆರಗು ಕಟ್ಟಿ, ಚಮಚದಿಂದ, ಬೆಳಿಗ್ಗೆ ಒಮ್ಮೆ ಸಂಜೆ ಒಮ್ಮೆ ತಿರುವಿದೆ. ಮೆತ್ತನೆಯ ಅದು ಚಮಚದಲ್ಲಿ ಅಲುಗಿದರೆ ನನ್ನ ಮೈಯೆಲ್ಲ ಜುಮ್ಮೆನ್ನುತ್ತಿತ್ತು. ಹಲ್ಲಿ ಸೋಕಿದರೆ ತಲೆಸ್ನಾನ ಮಾಡುವವರು ನಾವು. ಇದು ಹಲ್ಲಿಯ ಹೊಟ್ಟೆಯಿಂದಲೇ ಬಂದದ್ದು. ಹತ್ತು ದಿನವೂ ಎರಡೆರಡು ಸಲ ತಲೆಗೆ ನೀರು ಹಾಕಿಕೊಂಡೆ.

ಬೆಳಿಗ್ಗೆ ಕೆಳಗಾದ ಚುಕ್ಕೆ ಸಂಜೆ ಮತ್ತೆ ಮೇಲೆ ಬರುತ್ತಿತ್ತು, ಮಗ ಬಂದಾಗಲೂ ಮೇಲೆಯೇ ಇತ್ತು. ನಾಲ್ಕೈದು ದಿನಕ್ಕೆ ತತ್ತಿಗಳು ಕುಗ್ಗಿ ಹಳದಿಯಾದವು, ಮೇಲೆ ಬೂಷ್ಟು ಬಂತು. ಮುಚ್ಚಳ ತೆಗೆದರೆ ಕೊಳೆತ ನಾತ. ನಾನು ಹಿತ್ತಲಿಗೆ ಓಡಿ ವಾಂತಿ ಮಾಡಿಕೊಂಡೆ. ಅವನು ಮತ್ತೆ ಎರಡು ಮಾತಿನವನಾದ.

ಸ್ವಲ್ಪ ದಿನಕ್ಕೆ ಹೆಣ್ಣು ಮತ್ತೆರಡು ಇಟ್ಟಿತು. ಅವನು ಕಸದ ಬುಟ್ಟಿ ಎಳೆದುಕೊಂಡ.

"ಇವನ್ನ ಒಗೀತೀನಿ. ನನ್ನ ಪೆಟ್ಟಿಗೀನ ಸರಿ ಇಲ್ಲ. ಚುಕ್ಕಿ ಮ್ಯಾಲ ಇರೂಹಂಗ ಇಟ್ಟಿದ್ದೆ. ಹೊರಳಿದ್ರ ಒಳಗಿನ ಜೀವ ಸಾಯ್ತೈತಿ ಅಂತ ಡಬ್ಬಿ ಸುದ್ದಾ ಅಲುಗಿಸಲಿಲ್ಲ. ಆದ್ರೂ ಸತ್ತು."

ಅವನ ಚುಕ್ಕೆ ಯಾಕೆಂದು ನನಗೆ ಆಗ ತಿಳಿಯಿತು. ಸುಮ್ಮನಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಹೇಸಿಗೆಯೂ ಮನೆಯಿಂದ ಹೋಗುತ್ತಿತ್ತು. ಬುಟ್ಟಿಯ ಮೇಲೆ ಅವನ ಕೈ ಇತ್ತು.

"ಒಗೀಬ್ಯಾಡ," ಎಂದೆ. "ಪೆಟ್ಟಿಗಿ ಚಲೋ ಐತಿ. ನಾನ ತಿರುವಿದ್ದೆ, ಕೋಳಿ ತತ್ತಿ ಹಂಗ."

"ನೀ ಮುಟ್ಟಿದಿ?"

"ಚಮಚಾದಿಂದ."

"ಯಾವ ಚಮಚಾ?"

"ಅದನ್ನ ಆವಾಗನ ಒಗದೀನಿ, ಅಂಜಬ್ಯಾಡ."

ಅವನು ನಗಲಿಲ್ಲ. ಆದರೆ ತತ್ತಿಗಳನ್ನು ಪೆಟ್ಟಿಗೆಯಲ್ಲಿಟ್ಟ.

ಅವುಗಳಲ್ಲಿ ಒಂದು ಕೆಟ್ಟಿತು. ಇನ್ನೊಂದು ಎರಡು ತಿಂಗಳಾಗುವ ಹೊತ್ತಿಗೆ ಬೆವರಿದಂತಾಗಿ ಸೀಳಿತು. ಲೋಳೆಯೊಳಗಿಂದ ಮೂಗು ಬಂತು, ಆಮೇಲೆ ಕಣ್ಣು, ಆಮೇಲೆ ಪಟ್ಟೆಪಟ್ಟೆಯ ಒದ್ದೆ ಮೈ. ಮಗ ಅಡುಗೆಮನೆಗೆ ಬಂದು ನನ್ನ ಕೈ ಹಿಡಿದು ಎಳೆದೊಯ್ದ. ಎಷ್ಟು ಮಾತಾಡಿದ ಅವತ್ತು! ಮರುದಿನ ಆ ಮರಿ ತನ್ನ ಮೈಯ ಪೊರೆ ಸುಲಿದುಕೊಂಡು, ಅದನ್ನೇ ಕಚಕಚ ತಿಂದಿತು.

"ಅವ್ವಾ, ನೋಡು ನೋಡು, ತಿನ್ನಾಕತ್ತೈತಿ!"

ಸೆರಗು ಬಾಯಿಗೆ ಒತ್ತಿಕೊಂಡು ಪೂರಾ ತಿಂದು ಮುಗಿಸುವವರೆಗೆ ನೋಡಿದೆ. ಆಮೇಲೆ ಹೋಗಿ ತಲೆಗೆ ನೀರು ಹಾಕಿಕೊಂಡೆ.