ಅಕ್ಕ ತೊಟ್ಟ ಯಮನ ನಿಲುವಂಗಿ

ಹತ್ತಿರ ಬನ್ನಿ ಮಹನೀಯರೇ, ಹಿಂದೆ ನಿಂತವರೂ ಮುಂದೆ ಬಂದು ಕುಳಿತುಕೊಳ್ಳಿ. ನಾಳಿನ ಘಟಿಕೋತ್ಸವಕ್ಕೆಂದು ಮಗಳು ಬಾಡಿಗೆಯ ಕಪ್ಪು ಗೌನು ತಂದು ಗೂಟಕ್ಕೆ ನೇತುಹಾಕಿದ್ದಾಳೆ. ಅದರ ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿದಾಗಿನಿಂದ ಅಕ್ಕ ಪದವಿ ಪಡೆದ ದಿನವೇ ನನ್ನ ಕಣ್ಣಮುಂದೆ ನಿಂತಿದೆ.

ಹೊಳಲ್ಕೆರೆ ದಾರಿಯಲ್ಲಿ ಮಗಳು ಓದಿದ ಈ ವಿಶ್ವವಿದ್ಯಾಲಯ ಆಗ ತಗಡಿನ ಶೆಡ್ಡಿನಲ್ಲಿದ್ದ ಖಾಸಗಿ ಕಾಲೇಜು. ಅಲ್ಲಿ ಮೊದಲ ತಂಡದಲ್ಲೇ ಪದವಿ ಪಡೆದವಳು ನನ್ನಕ್ಕ. ಪದವಿ ಪ್ರದಾನದ ಬೆಳಿಗ್ಗೆ ಕಾಲೇಜಿನ ಜವಾನ ಮನೆಗೆ ಬಂದು, ಬಾಡಿಗೆಯ ಗೌನು ಒಂದು ಕಡಿಮೆ ಬಿದ್ದಿದೆ, ಗೌನಿಲ್ಲದವರು ವೇದಿಕೆ ಹತ್ತುವಂತಿಲ್ಲ ಎಂದ. ನಾಟಕದಲ್ಲಿ ಯಮನ ಪಾತ್ರ ಮಾಡುತ್ತಿದ್ದ ಅಪ್ಪ ಟ್ರಂಕಿನಿಂದ ತನ್ನ ಕಪ್ಪು ನಿಲುವಂಗಿ ತೆಗೆದ.

ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ಲೇ, ಯಮನ ಅಂಗಿ ಹೆಣ್ಣುಮಗಿಗೆ ಹಾಕ್ತೀಯಾ? ಬುದ್ಧಿ ಐತಾ ನಿಂಗೆ?"

"ಬಟ್ಟೆ ಕಣವ್ವ ಅದು. ನಾನು ಹಾಕ್ಕಂಡು ಸತ್ತೀನಾ?"

"ನಿನ್ನ ಕೂಗಾಟಕ್ಕೆ ಯಮನೇ ಹೆದರ್ಯಾನೆ. ಈ ಕೂಸನ್ನ ಕಾಯಾಕೆ ಯಾರವ್ರೆ?"

ಅಕ್ಕ ಅಳುತ್ತಾ ಗಡಿಯಾರ ನೋಡಿದಳು. ಅಜ್ಜಿ ಅಂಗಿಯನ್ನು ಕಸಿದು, ಸೀರೆಯ ಮೇಲೆಯೇ ತೊಟ್ಟು, ಅಂಗಳದ ನಡುವೆ ನಿಂತಳು. "ನೋಡ್ಕಳಪ್ಪ ಯಮರಾಯ, ಇದನ್ನ ಹಾಕ್ಕಂಡೋಳು ನಾನು." ಆಮೇಲೆ ಬಿಚ್ಚಿ ಅಕ್ಕನಿಗೆ ಕೊಟ್ಟಳು.

ಸಮಾರಂಭದಲ್ಲಿ ಎಲ್ಲರೂ ಅಕ್ಕನಿಗೆ ಚಪ್ಪಾಳೆ ತಟ್ಟುವಾಗ ನಾನು ವೇದಿಕೆಯ ಕಡೆ ನೋಡಲಿಲ್ಲ. ಉಸಿರಾಡುತ್ತಿದ್ದಾಳೋ ಇಲ್ಲವೋ ಎಂದು ಅಜ್ಜಿಯ ಮೂಗುತಿಯನ್ನೇ ನೋಡುತ್ತಾ ಕುಳಿತಿದ್ದೆ.

ಅಕ್ಕ ಇಂದಿಗೂ ಸುಖವಾಗಿದ್ದಾಳೆ, ಅಜ್ಜಿಯೂ ಬಹುಕಾಲ ಬದುಕಿದಳು. ಆದರೂ ಮಗಳು ತಂದ ಈ ಗೌನು ಯಾರ್ಯಾರ ಮೈಮೇಲಿತ್ತೋ ಬಲ್ಲವರಾರು? ನಾಳೆ ಬೆಳಿಗ್ಗೆ ಮಗಳು ಏಳುವ ಮೊದಲೇ ಅದನ್ನು ನಾನೊಮ್ಮೆ ತೊಟ್ಟು ಅಂಗಳದಲ್ಲಿ ನಿಲ್ಲುತ್ತೇನೆ.